ಹೊಳೆಯ ಎಲೆಗೆ ಎದುರೆಲೆ

ಪ್ರೆಸ್ ಕಾಕಾ ಅವರ ಬಲಗೈ ಹೆಬ್ಬೆರಳು ವರ್ಷವಿಡೀ ಹಳದಿ. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಮಸಿ. ಲಗ್ನಪತ್ರಿಕೆಯ ಕಟ್ಟು ಕೊಡುವ ಮೊದಲು ಮೇಲಿನ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿಣ ಹಚ್ಚುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹಚ್ಚಿ ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು. ಅದಕ್ಕಾಗಿ ಕಾಕಿಯಿಂದ ದಿನಾ ಬೈಸಿಕೊಳ್ಳುತ್ತಿದ್ದರು.

ಐನಾಪುರದ ಅವರ ಪ್ರೆಸ್ಸಿಗೆ ನಾನು ಸೇರಿದ್ದು ಪಿಯುಸಿ ಮುಗಿದ ವರ್ಷ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ. ಗಂಡಿನ ಕಡೆಗೆ ಮರಾಠಿ, ಹೆಣ್ಣಿನ ಕಡೆಗೆ ಕನ್ನಡ, ಹೀಗೆ ಒಂದೇ ಮದುವೆಗೆ ಎರಡು ಪತ್ರಿಕೆ. ಆಷಾಢ ಬಂತೆಂದರೆ ಎಲ್ಲ ಬಂದ್. ಕಾಕಾ ಸುಮ್ಮನೆ ಕೂರುವ ಜೀವವಲ್ಲ. ತಪ್ಪು ಅಚ್ಚಾದ ಪತ್ರಿಕೆಗಳನ್ನು ಇಸ್ಪೀಟಿನ ಅಳತೆಗೆ ಕತ್ತರಿಸಿ, ಖಾಲಿ ಬದಿಯಲ್ಲಿ ಚಿತ್ರ ಬರೆದು, ತಾವೇ ಒಂದು ಆಟ ಕಟ್ಟಿದ್ದರು. ಎಲ್ಲ ಎಲೆಗಳ ಬೆನ್ನಿಗೂ ಅದೇ ಲಗ್ನಪತ್ರಿಕೆಯ ಗಣಪತಿ.

ಆಟಕ್ಕೆ ನಾಲ್ವರು: ಕಾಕಾ, ಕಾಕಿ, ಕಾಗದ ಕತ್ತರಿಸುವ ಮಾಸ್ತರ, ನಾನು. ಕಬ್ಬು, ದ್ರಾಕ್ಷಿ, ಎಮ್ಮೆಗಳ ಎಲೆಯನ್ನು ಎದುರಿಗೆ ಹಾಸಿ ಹೊಲ ಮಾಡಬೇಕು. ಸುತ್ತಿಗೊಮ್ಮೆ ಅವು ಅಂಕ ಕೊಡುತ್ತವೆ. ದ್ರಾಕ್ಷಿಗೆ ರೋಗ ಹಾಕಿದರೆ ಔಷಧದ ಎಲೆಯಿತ್ತು, ಬರ ಹಾಕಿದರೆ ಬಾವಿಯ ಎಲೆಯಿತ್ತು. ಹೊಳೆಯ ಎಲೆಗೆ ಮಾತ್ರ ಏನೂ ಇರಲಿಲ್ಲ. ಅದನ್ನು ಯಾರ ಮುಂದೆ ಇಟ್ಟರೂ ಅವರ ಹೊಲ ಪೂರ್ತಿ ಖಾಲಿ. ಸಾಲದ್ದಕ್ಕೆ ಆ ಎಲೆ ಇಟ್ಟವರ ಕೈಗೇ ತಿರುಗಿ ಹೋಗುತ್ತಿತ್ತು.

ನನಗೆ ವಾದ ಎಂದರೆ ಊಟಕ್ಕಿಂತ ಹೆಚ್ಚು. ಹತ್ತು ಆಟ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಒಂಬತ್ತನ್ನು ಹೊಳೆ ಸಿಕ್ಕವರೇ ಗೆದ್ದಿದ್ದರು.

"ಕಾಕಾ, ಇದು ಆಟ ಅಲ್ರಿ. ಹೊಳಿ ಯಾರಿಗೆ ಬಂತು ಅಂತ ಮೊದ್ಲ ನೋಡಿ ಎದ್ದು ಹೋದ್ರಾತು. ಉಳದ ಎಲಿ ಯಾಕ ಬೇಕ್ರಿ?"

"ಹೊಳಿಗೆ ಎದುರಿಲ್ಲವಾ, ವಕೀಲಬಾಯಿ."

"ರೋಗಕ್ಕ ಐತಿ, ಬರಕ್ಕ ಐತಿ, ಇದಕ್ಕಷ್ಟ ಯಾಕಿಲ್ರಿ?"

"ನಾ ಕಣ್ಣಾರೆ ನೋಡೇನಿ. ಎದುರಿಲ್ಲ ಅಂದ್ರ ಇಲ್ಲ."

ಮೊದಲು ಮಾಸ್ತರ ಬಿಟ್ಟ. ಕಷ್ಟಪಟ್ಟು ಬೆಳೆಸಿದ ದ್ರಾಕ್ಷಿ ತೋಟ ಮೂರನೆಯ ಸಲ ಹೋದಾಗ, "ನಾ ಮಷಿನ್ನಿಗೆ ಎಣ್ಣಿ ಬಿಡತೇನ್ರಿ, ನೀವು ಆಡ್ರಿ" ಎಂದು ಎದ್ದುಹೋದ. ನಾನೂ ಬಿಟ್ಟೆ. ಕಾಕಿಗೆ ಮೊದಲೇ ಸಾಕಾಗಿತ್ತು. ಕಾಕಾ ಒಬ್ಬರೇ ನಾಲ್ಕೂ ಕಡೆ ಎಲೆ ಹಂಚಿ, ನಾಲ್ವರ ಆಟವನ್ನೂ ತಾವೇ ಆಡತೊಡಗಿದರು. ನೋಡಿ ನನಗೆ ಸಂಕಟವಾಯಿತು. ಆದರೂ ವಾದದಲ್ಲಿ ಸೋಲಲು ಮನಸ್ಸಿರಲಿಲ್ಲ.

ಬೆಳ್ಳುಳ್ಳಿ ಸುಲಿಯುತ್ತ ಕಾಕಿಯೇ ಒಂದು ದಿನ ವಿಷಯ ಹೇಳಿದರು. ಅವರ ಮೊದಲ ಪ್ರೆಸ್ ಇದ್ದದ್ದು ಸತ್ತಿಯ ಕಡೆ, ಹೊಳೆದಂಡೆಯ ಊರಿನಲ್ಲಿ. ಕೃಷ್ಣೆ ಮನೆಬಾಗಿಲಿಗೆ ಬಂದ ದಿನ ನೀರು ಮುಟ್ಟದ ಎತ್ತರದ ಮಡ್ಡಿಯ ಮೇಲಿನ ಊರಿನಿಂದ ಬೀಗರು, ಅಂದರೆ ಮಗಳ ಮಾವ, ಟ್ರ್ಯಾಕ್ಟರ್ ತಂದರು. ಅಚ್ಚಿನ ಮೊಳೆಗಳ ಪೆಟ್ಟಿಗೆ ಹೇರಬೇಕೆಂದು ಕಾಕಾ ಹಟ ಹಿಡಿದರು. ಬೀಗರು ಮಂದಿಯನ್ನೂ ಎರಡು ಎಮ್ಮೆಯನ್ನೂ ಹೇರಿ, ಕಾಕಾನ ರಟ್ಟೆ ಹಿಡಿದು ಎಳೆದು ಕೂರಿಸಿದರು. ನೀರು ಇಳಿದಾಗ ಮೊಳೆಗಳೆಲ್ಲ ಕೆಸರು ಪಾಲಾಗಿದ್ದವು. ಅಂದಿನಿಂದ ಕಾಕಾ ಬೀಗರ ಹೊಸ್ತಿಲು ತುಳಿದಿರಲಿಲ್ಲ. ಮಗಳನ್ನು ನೋಡಲು ಕಾಕಿ ಒಬ್ಬರೇ ಬಸ್ಸು ಹತ್ತುತ್ತಿದ್ದರು.

"ಎಮ್ಮಿ ಏನಾದೂ ಕಾಕಿ?"

"ಎರಡ ತಿಂಗಳ ಬೀಗರ ಹಟ್ಟ್ಯಾಗ ಇದ್ದೂ. ಎಮ್ಮಿ ನಮ್ಮು, ಹಾಲು ಸಾಕಿದಾವ್ರದು. ಹೊಳಿ ಸಾಲಿನ ಊರಾಗ ಮೊದಲಿಂದ ಹಿಂಗ ಐತಿ. ಯಾರೂ ಯಾರಿಗೂ ಉಪಕಾರ ಅನ್ನೂದಿಲ್ಲ."

ಮರುದಿನ ನಾನು ತಡೆದುಕೊಳ್ಳಲಿಲ್ಲ.

"ಕಾಕಾ, ಹೊಳಿ ಬಂದಾಗ ನಿಮ್ಮ ಎಮ್ಮಿ ಹೋದೂ ಏನ್ರಿ?"

ಕಾಕಾ ಎಲೆ ಕಲೆಸುವುದನ್ನು ನಿಲ್ಲಿಸಿದರು. "ನಿನಗ ಯಾರ ಹೇಳಿದ್ರು?"

"ಉಳದೂ ಇಲ್ಲೋ ಅಷ್ಟ ಹೇಳ್ರಿ."

"ಉಳದೂ."

"ಮತ್ತ ಎದುರು ಐತಲ್ರಿ! ನೀವು ಹೋದದ್ದಷ್ಟ ಬರದೀರಿ. ಉಳದದ್ದು ಎಲ್ಲ್ಯೂ ಬರದಿಲ್ಲ."

ಅವರು ಎಲೆಗಳನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋದರು. ಸಂಜೆಯವರೆಗೆ ನನ್ನ ಕಡೆ ನೋಡಲಿಲ್ಲ. ಬಾಯಿ ಚಪಲಕ್ಕೆ ಕೆಲಸ ಕಳೆದುಕೊಂಡೆ ಎಂದುಕೊಂಡೆ. ಕೆಲಸಕ್ಕಿಂತ, ಮುದುಕರ ಗಾಯ ಕೆದಕಿದೆನಲ್ಲ ಎಂಬ ನಾಚಿಕೆ ಹೆಚ್ಚು ಸುಟ್ಟಿತು.

ಮೂರನೆಯ ದಿನ ನನ್ನ ಕೀಬೋರ್ಡಿನ ಮೇಲೆ ಹೊಸ ಎಲೆಯೊಂದು ಕೂತಿತ್ತು. ಅದರಲ್ಲಿ ಓರೆಕೋರೆಯಾದ ಒಂದು ಟ್ರ್ಯಾಕ್ಟರ್, ಹೆಸರು 'ಮಡ್ಡಿ'. ಕೆಳಗೆ ಕಾಕಾನ ದುಂಡು ಅಕ್ಷರ: "ಹೊಳೆ ಬಂದಾಗ ಎರಡು ಎಲೆ ಇನ್ನೊಬ್ಬರಲ್ಲಿ ಇಡಬಹುದು. ಒಂದು ಸುತ್ತಿನ ಮೇಲೆ ಎಲೆ ವಾಪಸ್. ಆ ಸುತ್ತಿನ ಅಂಕ ಇಟ್ಟುಕೊಂಡವರಿಗೆ."

"ಎರಡ ಯಾಕ್ರಿ ಕಾಕಾ? ಮೂರ ಮಾಡ್ರಿ."

ಅವರು ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ಟ್ರ್ಯಾಕ್ಟರದಾಗ ಅಷ್ಟ ಜಾಗಾ ಇತ್ತವಾ" ಎಂದರು.

ಅಂಥ ನಾಲ್ಕು ಎಲೆ ಮಾಡಿದೆವು. ಮಾಸ್ತರ ಎಣ್ಣೆ ಡಬ್ಬಿ ಇಟ್ಟು ಬಂದು ಕೂತ. ಹೊಳೆ ಈಗಲೂ ಹೊಲ ನುಂಗುತ್ತಿತ್ತು, ಆದರೆ ಆಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ನಾಳೆ ಯಾರ ಹಟ್ಟಿ ಬೇಕಾಗುತ್ತದೋ ಎಂದು ಎಲ್ಲರೂ ಎಲ್ಲರೊಡನೆ ಸ್ವಲ್ಪ ಒಳ್ಳೆಯವರಾಗಿಯೇ ಇರತೊಡಗಿದೆವು.

ಶ್ರಾವಣ ಹತ್ತಿದ ವಾರ ಕಾಕಾ ಎಲೆಗಳ ಹೊಸದೊಂದು ಕಟ್ಟು ಬರೆದು, ಜೇಬಿಗೆ ಹಾಕಿಕೊಂಡು, ಕಾಕಿಯ ಜೊತೆ ಮಡ್ಡಿಯೂರಿನ ಬಸ್ಸು ಹತ್ತಿದರು. ಬೀಗರಿಬ್ಬರು ಏನು ಮಾತಾಡಿಕೊಂಡರೆಂದು ಕಾಕಿಯನ್ನು ಕೇಳಿದೆ.

"ಮಾತ ಎಲ್ಲಿ ಬಂತ? ಬರೀ ಆಟ. ಬೀಗರು ಎರಡ ಸರತಿ ಹೊಳಿ ಹೊಡದ್ರು. ನಿಮ್ಮ ಕಾಕಾ ಎರಡೂ ಸರತಿ ಎಮ್ಮಿ ಅವರ ಕಡೇನ ಇಟ್ರು."

ಮದುವೆಯಾಗಿ ನಾನು ನಿಪ್ಪಾಣಿಗೆ ಬಂದೆ. ನನ್ನ ಲಗ್ನಪತ್ರಿಕೆಗೆ ಅರಿಶಿಣ ಹಚ್ಚಿದ್ದೂ ಅದೇ ಹೆಬ್ಬೆರಳು. ಕೆಲವು ವರ್ಷಗಳ ನಂತರ ಕಾಕಾ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. ಬೆರಳು ಬೆಳ್ಳಗಾಗಿತ್ತು. ಅದನ್ನು ನೋಡಿಯೇ ನನಗೆ ಅಳು ಬಂತು. ತಲೆದಿಂಬಿನ ಕೆಳಗಿನಿಂದ ಆ ಹಳೆಯ ಕಟ್ಟು ತೆಗೆದು ನನ್ನ ಕೈಗಿಟ್ಟರು.

"ಇಟ್ಕೊ ವಕೀಲಬಾಯಿ. ಎಮ್ಮಿ ನಂದು, ಹಾಲು ನಿಂದು."

ಮುಂದಿನ ವಾರ ಅವರು ತೀರಿಕೊಂಡರು. ಆ ಎಲೆಗಳಲ್ಲಿ ನಮ್ಮ ಮನೆಯ ಮಕ್ಕಳು ಈಗಲೂ ಆಡುತ್ತಾರೆ, ಜಗಳಾಡುತ್ತಾರೆ, ನಿಯಮ ಬದಲಿಸಬೇಕೆಂದು ನನ್ನೊಡನೆ ವಾದಕ್ಕೆ ನಿಲ್ಲುತ್ತಾರೆ. ಎಮ್ಮೆಯನ್ನು ವಾಪಸ್ ಕೊಡುವುದೊಂದು ಬಾಕಿ ಉಳಿದುಬಿಟ್ಟಿದೆ.