ಎಪ್ಪತ್ತರ ವೇಗದಲ್ಲಿ ಗುಡ್ವೈಗ್

ಟ್ರೊಂಡ್‌ಹೈಮಿನ ನಮ್ಮ ಪ್ರಯೋಗಾಲಯದಲ್ಲಿ ಗುಡ್ವೈಗ್ ಮೂವತ್ತು ವರ್ಷ ರೇಡಿಯೋ ಸಂಕೇತ ಅಳೆಯುವ ವ್ಯಾನ್ ಓಡಿಸಿದಳು. ಅವಳಿಗೆ ಪದವಿ ಇರಲಿಲ್ಲ, ನನಗೆ ಎರಡಿದ್ದವು. ಆದರೂ ನಾನು ಕೆಲಸ ಕಲಿತದ್ದು ಅವಳಿಂದ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಎಂಬತ್ತಾರರ ವಸಂತದಲ್ಲಿ ನಾವು ಓಡುವ ಕಾರಿನ ಫೋನಿಗೊಂದು ರಿಸೀವರ್ ಕಟ್ಟಿದ್ದೆವು. ಬೆಟ್ಟಗಳ ನಡುವೆ ನುಗ್ಗಿದ ಕಡಲ ತೋಳಾದ ಫ್ಯೋರ್ಡಿನ ದಂಡೆಯಲ್ಲಿ ಒಂದೇ ಸಂಕೇತ ನೇರವಾಗಿಯೂ ಬರುತ್ತದೆ, ಎದುರಿನ ಬಂಡೆಗೆ ಬಡಿದು ತಡವಾಗಿಯೂ ಬರುತ್ತದೆ, ಎರಡೂ ಕಲಸಿಹೋಗುತ್ತವೆ. ಅದಕ್ಕೇ ಮಾತಿನ ಪ್ರತಿ ತುಣುಕಿನ ತಲೆಗೆ, ರಿಸೀವರಿಗೆ ಮೊದಲೇ ಗೊತ್ತಿರುವ ಅಂಕಿಗಳ ಒಂದು ಸಾಲು ಸೇರಿಸುತ್ತಿದ್ದೆವು. ಆ ಸಾಲು ಎಷ್ಟು ಕೆಟ್ಟು ಬಂತೆಂದು ನೋಡಿ, ಉಳಿದದ್ದನ್ನು ರಿಸೀವರ್ ತಾನೇ ಸರಿಪಡಿಸಿಕೊಳ್ಳಬೇಕು. ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಸೋತರೆ ನಮ್ಮ ಗುಂಪಿಗೆ ಬೀಗ.

ಸೋಮವಾರ ದಂಡೆಯ ರಸ್ತೆಯಲ್ಲಿ ಮಾಡಿದ ಪ್ರಯೋಗದ ಫಲಿತಾಂಶ ಅಚ್ಚುಕಟ್ಟಾಗಿತ್ತು. ಮುಖ್ಯಸ್ಥ ತೊರ್ಲೈಫ್ ಬಾದಾಮಿ ಕೇಕ್ ತರಿಸಿದ. ಗುಡ್ವೈಗ್ ಮುಟ್ಟಲಿಲ್ಲ.

"ನಾನು ಮೂವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದೆ, ನಿಮ್ಮ ಪೆಟ್ಟಿಗೆ ಕುಲುಕಬಾರದು ಅಂತ. ಆ ರಸ್ತೇಲಿ ಬಸ್ಸೇ ಎಪ್ಪತ್ತರಲ್ಲಿ ಹೋಗುತ್ತೆ."

"ಪರೀಕ್ಷಕರು ವೇಗ ಕೇಳಿಲ್ಲ. ಸುಮ್ನಿರು," ಅಂದ ತೊರ್ಲೈಫ್.

"ನಾನು ಕೇಳ್ತಿದೀನಲ್ಲ."

ಗೆದ್ದ ಫಲಿತಾಂಶ ಕೈಯಲ್ಲಿದ್ದಾಗ ಹೀಗೆ ಹೇಳುವ ಎದೆ ನಮ್ಮಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಮರುದಿನ ಎಪ್ಪತ್ತರಲ್ಲಿ ಹೋದಳು, ಪಕ್ಕದಲ್ಲಿ ನಾನು. ಬಂಡೆಯ ತಿರುವಿನಲ್ಲಿ ಮಾತು ಚೂರುಚೂರಾಯಿತು. ನನಗೆ ಅವಳ ಮೇಲೇ ಸಿಟ್ಟು ಬಂತು. ಪ್ರತಿ ತುಣುಕಿನ ತಲೆ ಸರಿಯಿತ್ತು, ಬಾಲ ಕೆಟ್ಟಿತ್ತು. ವ್ಯಾನ್ ಓಡಿದಂತೆ ಪ್ರತಿಧ್ವನಿಯೂ ಬದಲಾಗಿ, ಮೊದಲಲ್ಲಿ ಕಲಿತದ್ದು ಕೊನೆ ಮುಟ್ಟುವಷ್ಟರಲ್ಲಿ ಹಳತಾಗುತ್ತಿತ್ತು.

ಅವಳು ವ್ಯಾನ್ ನಿಲ್ಲಿಸಿ, ಕಂದು ಚೀಸಿನ ಬ್ರೆಡ್ಡಿನ ಪೊಟ್ಟಣ ಬಿಚ್ಚಿ, ನನಗೂ ಒಂದು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಶಾಲೇಲಿ ಚಳಿ ಕಾಯೋ ಒಲೇನ ಬಾಗಿಲ ಹತ್ರ ಇಟ್ಟ ಹಾಗಾಯ್ತು, ಕೊನೇ ಬೆಂಚಿಗೆ ಚಳಿ," ಅಂದಳು. "ಕೋಣೆ ಮಧ್ಯ ಇಡ್ರಪ್ಪ."

ಅಂದರೆ, ಗೊತ್ತಿರುವ ಸಾಲನ್ನು ತುಣುಕಿನ ತಲೆಯ ಬದಲು ನಡುವೆ ಇಟ್ಟು, ಅಲ್ಲಿಂದ ಎರಡೂ ಕಡೆಗೆ ಬಿಡಿಸುತ್ತ ಹೋಗುವುದು. ನನ್ನ ಎರಡು ಪದವಿಗೂ ಇದು ಹೊಳೆದಿರಲಿಲ್ಲ. ಮೂರು ದಿನ ಊಟ ತಿಂಡಿ ಮರೆತು ಕೂತೆವು.

ಶುಕ್ರವಾರ ಪರೀಕ್ಷಕರ ಮುಂದೆ ಸ್ಪೀಕರ್ ಇಟ್ಟೆವು. ಗುಡ್ವೈಗ್ ಎಪ್ಪತ್ತರಲ್ಲಿ ಓಡುತ್ತಿದ್ದ ವ್ಯಾನಿನಿಂದ ಹವಾಮಾನದ ಬಗ್ಗೆ ಮಾತಾಡುತ್ತಿದ್ದಳು. ಬಂಡೆಯ ತಿರುವು ಹತ್ತಿರವಾಯಿತೆಂದು ತೊರ್ಲೈಫ್ ಮುಂದಕ್ಕೆ ಬಾಗಿದ.

"ಸ್ವಲ್ಪ ನಿಧಾನ ಮಾಡು," ಎಂದು ಮೈಕಿಗೆ ಪಿಸುಗುಟ್ಟಿದ.

"ತಿರುವು ಆಗಲೇ ದಾಟಿದೆ," ಅಂದಳು. ಒಂದಕ್ಷರವೂ ಮುರಿದಿರಲಿಲ್ಲ. "ಆ ಕೇಕ್ ಉಳಿದಿದ್ರೆ ನನಗೊಂದು ತುಂಡು ತೆಗೆದಿಡಿ."