ಕುರ್ಚಿ ಕೂರಿಸಿದವರಿಗೆ ವೀಳ್ಯ

ಗಲ್ಫ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರುವಾದ ಸಂಜೆ, ತೀರ್ಥಹಳ್ಳಿಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಸುಜಾತಾ ಮಷಿನ್ ನಿಲ್ಲಿಸಿ ಟಿ.ವಿ. ಪರದೆಯ ಮೇಲೆ ಬೆರಳಿಟ್ಟಳು. “ಅಕ್ಕಾ, ಈ ಮೇಲಿನ ಸಾಲಿನ ಕುರ್ಚಿ ಎಲ್ಲ ನಮ್ಮನೆಯವ್ರು ಕೂರ್ಸಿದ್ದು!”

ಗಲ್ಫ್‌ನಲ್ಲಿ ದುಡಿದು ಬಂದಿದ್ದ ಅವಳ ಗಂಡ ಮಂಜಣ್ಣ ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದರು. ಸ್ಟೇಡಿಯಂ ಕಟ್ಟಿದ ಕೂಲಿಗಳ ಪಾಡಿನ ಬಗ್ಗೆ ಎದ್ದ ವಿವಾದವನ್ನು ನಾನು ಕಾಫಿ ಕುಡಿಯುತ್ತಾ ಪೇಪರಿನಲ್ಲಿ ಓದಿದ್ದೆ, ಅಷ್ಟೆ.

“ಅಲ್ಲಿ ಒಂದಾದ್ರೂ ಆಟ ನೋಡಿದ್ರಾ?” ಎಂದು ಮಂಜಣ್ಣನವರನ್ನು ಕೇಳಿದೆ.

“ಎಂತ ಆಟ? ಕೆಲಸ ಮುಗೀತು, ವಿಮಾನ ಹತ್ತಿಸಿದ್ರು. ನಮ್ಮಲ್ಲಿ ಸಣ್ಣ ಮನೆ ಕಟ್ಟಿದ್ರೂ ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ವೀಳ್ಯ ಕೊಡ್ತಾರಲ್ವಾ ಅಕ್ಕಾ.”

“ಇವ್ರಿಗೆ ಅಲ್ಲೂ ಪಂಚೆ ಬೇಕಿತ್ತಂತೆ!” ಸುಜಾತಾ ನಕ್ಕಳು. ಮಂಜಣ್ಣ ನಗಲಿಲ್ಲ.

ಮರುದಿನ ರವಿಕೆ ತರಲು ಹೋಗುವಾಗ ತಟ್ಟೆಯಲ್ಲಿ ಪಂಚೆ, ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಹೋದೆ. ಮಂಜಣ್ಣ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ಎದ್ದು ನಿಂತು, ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ನಿನ್ನೆಯ ಆಟವನ್ನೇ ಮತ್ತೆ ತೋರಿಸುತ್ತಿದ್ದ ಟಿ.ವಿ. ಕಡೆ ತಿರುಗಿ, “ಆ ಮೂಲೆ ಕಾಣ್ತದಲ್ಲ ಅಕ್ಕಾ, ಅಲ್ಲಿಂದ ಶುರು ಮಾಡಿದ್ದು” ಎಂದರು.

ಟೂರ್ನಿ ಮುಗಿಯುವವರೆಗೂ ನನ್ನ ಕಣ್ಣು ಚೆಂಡಿಗಿಂತ ಮೊದಲು ಕುರ್ಚಿಗಳ ಕಡೆಗೇ ಹೋಗುತ್ತಿತ್ತು.