ಸೂಜಿಗೆ ಸಿಗದ ಕರಿ ಹ್ಯಾಟೆ

"ನಾಟಿ ಕೋಳಿಗೆ ರೋಗವೇ ತಟ್ಟುತ್ತಿರಲಿಲ್ಲ, ಸರ್ಕಾರದವರು ಹಂಚಿದ ಕೆಂಪು ಕೋಳಿಯೇ ಊರಿಗೆ ರೋಗ ತಂದದ್ದು." ತೆರಕಣಾಂಬಿಯ ಸುತ್ತ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಕೋಳಿಗಳು ಸಾಲಾಗಿ ಸತ್ತ ಆ ದಿನಗಳ ಬಗ್ಗೆ ಹೀಗೆಯೇ ಹೇಳುತ್ತಾರೆ. ನಾನು ಶಾಲೆಯಲ್ಲಿ ಹೆಚ್ಚು ಕಲಿತವನಲ್ಲ. ಆದರೂ ಈ ಮಾತನ್ನು ಒಪ್ಪಲಾರೆ. ಕೆಂಪು ಕೋಳಿ ನಮ್ಮ ಊರಿಗೆ ಕಾಲಿಡುವ ಎಷ್ಟೋ ಮೊದಲೇ ಅಜ್ಜಿಯ ಬಾಯಲ್ಲಿ ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ ಹೆಸರಿತ್ತು. ಇಲ್ಲದ ರೋಗಕ್ಕೆ ಹೆಸರಿಟ್ಟವರು ಯಾರು?

ನಮ್ಮ ಹಿತ್ತಲಿನಲ್ಲಿ ಆಗ ಎರಡು ಜಾತಿಯ ಕೋಳಿಗಳಿದ್ದವು. ನಾಟಿ ಕೋಳಿಗಳು ಕತ್ತಲಾಗುತ್ತಲೇ ತಿಪ್ಪೆಯ ಪಕ್ಕದ ಹೊಂಗೆ ಮರ ಹತ್ತಿಬಿಡುತ್ತಿದ್ದವು. ಹೆಣ್ಣು ಕೋಳಿಗೆ ನಮ್ಮಲ್ಲಿ ಹ್ಯಾಟೆ ಎನ್ನುತ್ತಾರೆ; ಅವುಗಳಿಗೆಲ್ಲ ಹಿರಿಯದು ಕರಿ ಹ್ಯಾಟೆ. ಹದ್ದು ಇಳಿದರೆ ಅದರ ಮುಖಕ್ಕೇ ಹಾರುತ್ತಿತ್ತು. ಅನ್ನ ಹಾಕುವ ಅವ್ವನ ಕೈಯನ್ನೂ ಕುಕ್ಕದೆ ಬಿಡುತ್ತಿರಲಿಲ್ಲ. ಇನ್ನೊಂದು ಜಾತಿಯದು, ಸರ್ಕಾರದವರು ಕೊಟ್ಟ ಕೆಂಪು ಹ್ಯಾಟೆ; ಅದರದು ಇದಕ್ಕೆ ತದ್ವಿರುದ್ಧವಾದ ಸ್ವಭಾವ. ಕಂಕುಳಲ್ಲಿ ಇರುಕಿಕೊಂಡರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವರೆಕಾಳಿನ ಸಾರಿನಲ್ಲಿ ಅದ್ದಿದ ನನ್ನ ಮುದ್ದೆಗೆ ಬಾಯಿ ಹಾಕುತ್ತಿತ್ತು. ಚಿನ್ನಿದಾಂಡು ಆಡುವಾಗ ನಡುವೆ ಬಂದು ನಿಂತು ಅಕ್ಕನಿಂದ ಬೈಸಿಕೊಳ್ಳುತ್ತಿತ್ತು. ತಾನಿಟ್ಟ ಮೊಟ್ಟೆಯನ್ನು ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಆದ್ದರಿಂದ ಅದರ ಮೊಟ್ಟೆಗಳನ್ನು ಅವ್ವ ಕರಿ ಹ್ಯಾಟೆಯ ಹೊಟ್ಟೆಯಡಿ ಇಟ್ಟು ಕಾವಿಗೆ ಕೂರಿಸುತ್ತಿದ್ದಳು.

ಆ ವರ್ಷ ಅವರೆಯ ಸೊಗಡು ಇನ್ನೂ ಗಾಳಿಯಲ್ಲಿದ್ದಾಗ ಹಾಗೆಯೇ ಕೂರಿಸಿದಳು. ರಾಗಿ ತುಂಬಿಡುವ ವಾಡೆಯ ಹಿಂದೆ, ಹುಲ್ಲು ಹಾಸಿದ ಬಿದಿರಿನ ಮಂಕರಿಯಲ್ಲಿ, ಗುಡುಗು ತಾಗದಿರಲೆಂದು ಮೊಟ್ಟೆಗಳ ನಡುವೆ ಒಂದು ಇದ್ದಿಲ ಚೂರನ್ನೂ ಇಟ್ಟಳು. ಕಾವಿಗೆ ಕೂತ ಕೋಳಿಯ ಮೇಲೆ ಹೊರಗಿನವರ ಕಣ್ಣು ಬೀಳಬಾರದು, ಬಿದ್ದರೆ ಮೊಟ್ಟೆ ಹಾಳಾಗುತ್ತದೆ ಎಂಬುದು ನಮ್ಮ ಮನೆಯ ಹೆಂಗಸರ ಗಟ್ಟಿ ನಂಬಿಕೆ.

ಕೆಲವು ದಿನಗಳಲ್ಲೇ ರೋಗ ಬರದಂತೆ ಸೂಜಿ ಹಾಕುವ ಕಾಂಪೌಂಡರು ಒಂದು ಮುಸ್ಸಂಜೆ ಸೈಕಲ್ಲಿನಲ್ಲಿ ಬಂದರು. ಅವ್ವ ಕೆಂಪು ಹ್ಯಾಟೆಯನ್ನು ಎತ್ತಿ ಅವರ ಕೈಗೆ ಕೊಟ್ಟಳು. ರೆಕ್ಕೆಗೆ ಸೂಜಿ ಚುಚ್ಚಿದರೂ ಅದು ಕುಂಯ್ ಎನ್ನಲಿಲ್ಲ.

"ಇಷ್ಟ್ ದೊಡ್ಡ ಹಿತ್ಲಿಗೆ ಇದೊಂದೆಯಾ ತಾಯಿ? ಮಿಕ್ಕವು ನೆಂಟರ ಮನೆಗೆ ಹೋಗವ್ಯಾ?" ಎಂದು ಅವರು ನಕ್ಕರು.

"ಮರದ ಮ್ಯಾಲವೆ. ಅತ್ತಿ ಇಡ್ಕಳಪ್ಪ, ನೋಡಾನ," ಎಂದಳು ಅವ್ವ.

"ಮನೆ ಒಳಗೆ ಯಾವ್ದೂ ಇಲ್ವಾ?"

"ಇಲ್ಲ ಕಣಪ್ಪ." ಅವ್ವನ ಕೈ ನನ್ನ ಭುಜವನ್ನು ಒತ್ತಿ ಹಿಡಿದಿತ್ತು.

ಮೊಟ್ಟೆಗಳು ಮರಿಯಾಗುವ ದಿನ ಹತ್ತಿರವಾಗಿ, ಬೇಸಿಗೆಯ ಬಿಸಿಲು ಏರತೊಡಗಿದಾಗ ರೋಗ ಬಂತು. ಹೊಂಗೆ ಮರದ ಕೋಳಿಗಳು ಒಂದೊಂದಾಗಿ ಕತ್ತು ತಿರುಚಿಕೊಂಡು ಬಿದ್ದವು. ಕೊನೆಗೆ ಕರಿ ಹ್ಯಾಟೆಯೂ ತೂಕಡಿಸತೊಡಗಿತು. ಅವ್ವ ಅರಿಶಿನ, ಬೆಳ್ಳುಳ್ಳಿ ಅರೆದು ಕೊಕ್ಕು ಬಿಡಿಸಿ ಹಾಕಿದಳು. ಆ ಕೈಯನ್ನು ಕುಕ್ಕುವ ಶಕ್ತಿಯೂ ಅದಕ್ಕಿರಲಿಲ್ಲ. ಬೆಳಗಾಗುವಾಗ ರೆಕ್ಕೆಯನ್ನು ಮೊಟ್ಟೆಗಳ ಮೇಲೆ ಹರಡಿಕೊಂಡೇ ಸತ್ತಿತ್ತು.

ಅಕ್ಕ ಒಂದು ಮೊಟ್ಟೆಯನ್ನು ಕಿವಿಗಿಟ್ಟುಕೊಂಡಳು. "ಅವ್ವಾ, ಒಳಗೆ ಮರಿ ಕೂಗ್ತದೆ ಕಣವ್ವಾ!"

ಅವ್ವ ಓಡಿಹೋಗಿ ಕೆಂಪು ಹ್ಯಾಟೆಯನ್ನು ತಂದು ಮೊಟ್ಟೆಗಳ ಮೇಲೆ ಕೂರಿಸಿದಳು. ಬೆನ್ನ ಮೇಲೆ ಕೈಯಿರುವವರೆಗೂ ಅದು ಕೂತಿತ್ತು. ಕೈ ತೆಗೆದೊಡನೆ ಎದ್ದು, ಮೈ ಕೊಡವಿ, ಬಾಗಿಲಿನತ್ತ ನಡೆಯಿತು. ಮತ್ತೆ ಕೂರಿಸಿದಳು, ಮತ್ತೆ ಎದ್ದಿತು.

"ಕುಂತ್ಕಳೆ ನಮ್ಮವ್ವ, ನಿನ್ ಮಕ್ಳೇ ಕಣೆ," ಎಂದು ಅವ್ವ ಅಂಗಲಾಚುತ್ತಿದ್ದಳು. ಮೇಲೆ ಇನ್ನೊಂದು ಮಂಕರಿ ಮುಚ್ಚಿದಾಗ ಅದು ಗಾಬರಿಯಿಂದ ತುಳಿದಾಡಿತು. ಒಂದು ಮೊಟ್ಟೆ ಒಡೆಯಿತು. ಒಳಗಿದ್ದುದನ್ನು ನಾವು ನೋಡಿದೆವು. ಆಮೇಲೆ ಅವ್ವ ಅದನ್ನು ಕೂರಿಸಲು ಹೋಗಲಿಲ್ಲ. ಅಕ್ಕ ಉಳಿದ ಮೊಟ್ಟೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ, ಮಡಿಲಿಗೆ ಹಾಕಿಕೊಂಡು ಒಲೆಯ ಪಕ್ಕ ಕೂತಳು. ಊಟಕ್ಕೂ ಏಳಲಿಲ್ಲ. ಮಾರನೆಯ ದಿನ ಯಾವ ಮೊಟ್ಟೆಯನ್ನು ಕಿವಿಗಿಟ್ಟರೂ ಸದ್ದಿರಲಿಲ್ಲ.

ನೆರೆಮನೆಯಾಕೆ ಬಂದು ಹಿತ್ತಲಿನಲ್ಲಿ ಒಂಟಿಯಾಗಿ ಕೆದಕುತ್ತಿದ್ದ ಕೆಂಪು ಹ್ಯಾಟೆಯನ್ನು ನೋಡಿದಳು. "ಈ ಕೆಂಪು ಮಾರಿಯೇ ಕಣಕ್ಕ ರೋಗ ತಂದದ್ದು. ನೋಡು, ತಾನೊಂದು ಹೆಂಗೆ ಗಟ್ಟಿಯಾಗಿ ಅದೆ!"

ಅವ್ವ ಖಾಲಿ ಮಂಕರಿಯ ಹುಲ್ಲನ್ನು ತಿಪ್ಪೆಗೆ ಕೊಡವಿದಳು. ಆ ಮಾತು ಬೀದಿಗೆ ಇಳಿದು ಊರಿನದಾಯಿತು. ಹತ್ತಿರ ಬರಗೊಡುತ್ತಿದ್ದ ಕೋಳಿಗೆ ಸೂಜಿ ಬಿತ್ತು, ಬರಗೊಡದಿದ್ದದ್ದಕ್ಕೆ ಬೀಳಲಿಲ್ಲ. ನಡೆದದ್ದು ಇಷ್ಟೇ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಯಾರನ್ನೂ ಒಪ್ಪಿಸಲಾಗಿಲ್ಲ.

ಈಗ ಸಂತೆಯಲ್ಲಿ ನಾಟಿ ಎಂದು ಮಾರುವ ಕೋಳಿಗಳು ಮೆಷಿನ್ನಿನಲ್ಲಿ ಹುಟ್ಟಿ, ರಟ್ಟಿನ ಡಬ್ಬದಲ್ಲಿ ಬಸ್ಸಿಗೆ ಬರುತ್ತವೆ. ಬಣ್ಣ ಕರಿಯದೇ. ತಂದು ಸಾಕಿ ನೋಡಿದ್ದೇನೆ: ಹದ್ದು ಬಂದರೆ ಮೂಲೆ ಸೇರುತ್ತವೆ, ಕಾವಿಗೆ ಕೂರುವುದಿಲ್ಲ. ಮೈಮುಟ್ಟಲು ಬಿಡದ ಆ ಸಿಟ್ಟು ಈಗ ಯಾರ ಹಿತ್ತಲಿನಲ್ಲೂ ಕಾಣುವುದಿಲ್ಲ.

ನನ್ನ ಮಾತನ್ನು ನಂಬಲೇಬೇಕೆಂದಿಲ್ಲ. ಅಕ್ಕ ಇದ್ದಾಳೆ, ಪುಣಜನೂರಿನಲ್ಲಿ. ನೆನಪು ನನಗಿಂತ ಚುರುಕು. ಹೋಗಿ ಕೇಳಬಹುದು. ಆದರೆ ಅವ್ವ ಸುಳ್ಳು ಹೇಳಿದ್ದೇಕೆ ಎಂದು ಮಾತ್ರ ಕೇಳಬೇಡಿ. ನಾನೊಮ್ಮೆ ಕೇಳಿದ್ದಕ್ಕೆ ಅಕ್ಕ ಹೇಳಿದಳು: "ಬದುಕ್ಲಿ ಅಂತ ಬಚ್ಚಿಟ್ಲು ಕಣಪ್ಪ."